ಬಾವಲಿ ತಾನಾಗೇ ಹೊರಡಲಿ: ಅಟ್ಟ, ಸೂರು, ಪೋರ್ಟಿಕೊದಿಂದ ಅದನ್ನು ಕೊಲ್ಲದೆ ದೂರ ಇಡುವ ಸಮಗ್ರ ಮಾರ್ಗದರ್ಶಿ

ಆರು ವರ್ಷದ ಹಿಂದಿನ ಮಾತು. ಮೇ ತಿಂಗಳು. ಹಗಲು ಹನ್ನೊಂದು ಗಂಟೆಗೆ ಮೇಸ್ತ್ರಿಯನ್ನು ಏಣಿ ಹತ್ತಿಸಿ, ನಮ್ಮ ಕೊಬ್ಬರಿ ಅಟ್ಟದ ಸೂರಿನ ಸಂದಿಗೆಲ್ಲ ಸಿಮೆಂಟ್ ಮೆತ್ತಿಸಿದೆ. ‘ಇನ್ನು ಒಂದು ಬಾವಲಿನೂ ಬರಲ್ಲ ಬಿಡಿ’ ಅಂತ ಹೇಳಿ ಅವನು ಕೈ ತೊಳೆದುಕೊಂಡು ಹೋದ. ನಿಜ, ಒಂದೂ ಬರಲಿಲ್ಲ. ಯಾಕೆಂದರೆ ಎಲ್ಲವೂ ಒಳಗೇ ಇದ್ದವು.

ಆ ರಾತ್ರಿಯೆಲ್ಲ ಅಟ್ಟದ ಮೇಲೆ ಪರಪರ ಸದ್ದು. ಎರಡು ಹೇಗೋ ನಡುಮನೆಗೆ ಇಳಿದು ಫ್ಯಾನಿಗೆ ಬಡಿದು ಸತ್ತವು. ಮೂರನೇ ದಿನ ಹಲಗೆ ಸಂದಿಯಿಂದ ಕೂದಲೇ ಇಲ್ಲದ ಗುಲಾಬಿ ಬಣ್ಣದ ಮರಿಗಳು ಒಂದೊಂದೇ ಕೆಳಗೆ ಬಿದ್ದವು. ಐದನೇ ದಿನ ವಾಸನೆ. ಅಮ್ಮ ತಟ್ಟೆ ಎತ್ತಿಕೊಂಡು ಜಗಲಿಗೆ ಬಂದು ಊಟಕ್ಕೆ ಕೂತರು. ಒಂದು ಮಾತೂ ಆಡಲಿಲ್ಲ. ಕೊನೆಗೆ ಅದೇ ಸಿಮೆಂಟನ್ನು ನಾನೇ ಉಳಿ ಸುತ್ತಿಗೆ ಹಿಡಿದು ಒಡೆದೆ.

ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಿರುಳು ಇಷ್ಟೇ: ಬಾವಲಿಯನ್ನು ಯಾರೂ ಓಡಿಸಬೇಕಾಗಿಲ್ಲ. ಪ್ರತಿ ಸಂಜೆ ಅದು ತಾನಾಗೇ ಹೊರಗೆ ಹೋಗುತ್ತದೆ. ವಾಪಸ್ ಬರುವ ದಾರಿಯನ್ನು ಮಾತ್ರ ನಾವು ತಪ್ಪಿಸಬೇಕು. ಅದೂ ಮರಿಗಳಿಲ್ಲದ ತಿಂಗಳಲ್ಲಿ.

ಬಂದಿರುವ ನೆಂಟ ಯಾರು?

ಬಾವಲಿ ಅಂದರೆ ಒಂದೇ ಪ್ರಾಣಿ ಅಂದುಕೊಳ್ಳುತ್ತೇವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೆಲುಗು ಮಾತಾಡುವವರೂ ಎಲ್ಲಕ್ಕೂ ಸೇರಿಸಿ ಗಬ್ಬಿಲಂ ಅಂದುಬಿಡುತ್ತಾರೆ. ಆದರೆ ಮನೆಗೆ ಬರುವವು ಬೇರೆ ಬೇರೆ ಜಾತಿ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಡೆಯಲ್ಲ.

ಹೆಂಚಿನ ಕೆಳಗೆ, ಸೂರಿನ ಸಂದಿಯಲ್ಲಿ, ಅಂಗಡಿಯ ರೋಲಿಂಗ್ ಶಟರ್ ಪೆಟ್ಟಿಗೆಯಲ್ಲಿ, ಗೋಡೆಗೆ ಹೊಡೆದ ಬೋರ್ಡಿನ ಹಿಂದೆ ಸೇರಿಕೊಳ್ಳುವವು ಹುಳ ತಿನ್ನುವ ಚಿಕ್ಕ ಬಾವಲಿಗಳು. ಇವುಗಳಲ್ಲಿ ಅತಿ ಚಿಕ್ಕದನ್ನು ಒಮ್ಮೆ ಟವೆಲಿನಲ್ಲಿ ಎತ್ತಿಕೊಂಡಿದ್ದೆ. ಮೈ ಹೆಬ್ಬೆರಳಿನಷ್ಟೂ ಇಲ್ಲ. ತೂಕ ಒಂದು ಟೀ ಚಮಚ ಸಕ್ಕರೆಯಷ್ಟು. ಎದೆ ಮಾತ್ರ ಹೊಲಿಗೆ ಮಿಷನ್ನಿನ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಇಂಥದ್ದು ಒಂದು ರಾತ್ರಿಗೆ ತನ್ನ ತೂಕದ ಅರ್ಧದಷ್ಟು ಹುಳ ತಿನ್ನಬಲ್ಲದು. ಹೊಟ್ಟೆ ಹಳದಿಯಾಗಿರುವ, ಇದಕ್ಕಿಂತ ದೊಡ್ಡ ಮನೆ ಬಾವಲಿಯೂ ಇದೇ ಗುಂಪಿಗೆ ಸೇರಿದ್ದು.

ಪೋರ್ಟಿಕೊದಲ್ಲಿ ರಾತ್ರಿ ಹೊತ್ತು ನೇತಾಡಿ, ಗೋಡೆಗೆ ಹಣ್ಣಿನ ರಸ ಸಿಡಿಸಿ, ಬೆಳಗಾಗುವಷ್ಟರಲ್ಲಿ ಮಾಯವಾಗುವುದು ಹಣ್ಣಿನ ಬಾವಲಿ. ನಾಯಿಮರಿಯಂಥ ಮುಖ, ದೊಡ್ಡ ಕಣ್ಣು. ಇದಕ್ಕೆ ನಿಮ್ಮ ಮನೆ ವಾಸದ ಜಾಗ ಅಲ್ಲ, ಊಟದ ಮನೆ ಅಷ್ಟೇ. ಇದರ ವಿಚಾರ ಕೊನೆಯ ಕಡೆ ಹೇಳುತ್ತೇನೆ.

ಮೂರನೆಯದು ಪಾಳು ಕೋಣೆ, ಹಳೇ ದನದ ಕೊಟ್ಟಿಗೆಯಂಥ ಕಡೆ ಇರುವ ದೊಡ್ಡ ಕಿವಿಯ ಬಾವಲಿ. ಕೆಳಗೆ ನೆಲದ ಮೇಲೆ ಪತಂಗದ ರೆಕ್ಕೆ, ಕಪ್ಪೆ ಕಾಲು, ಹಲ್ಲಿ ಬಾಲ ಬಿದ್ದಿದ್ದರೆ ಇದೇ. ಇಲಿಮರಿಯನ್ನೂ ಹಿಡಿಯುತ್ತದೆ. ರಕ್ತ ಹೀರುವುದು ಸುಳ್ಳು. ರಕ್ತ ಕುಡಿಯುವ ಬಾವಲಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಆಲದ ಮರದಲ್ಲಿ ನೂರಾರು ನೇತಾಡುವ ದೊಡ್ಡ ತೊಗಲುಬಾವಲಿ ಮನೆಯೊಳಗೆ ಬರುವುದಿಲ್ಲ. ಅದನ್ನು ಅದರ ಪಾಡಿಗೆ ಬಿಡಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಜನ ಹುಣಸೆ ಮರದ ಕೊಕ್ಕರೆಗಳ ಗಲೀಜನ್ನು ಸಹಿಸಿಕೊಂಡು ಅವುಗಳನ್ನು ಕಾಯುತ್ತಾರೆ. ಬಾವಲಿ ಮರಕ್ಕೂ ಅಷ್ಟು ಸಹನೆ ತೋರಿಸಬಹುದು.

ಕಣ್ಣಿಗೆ ಬೀಳದಿದ್ದರೆ ಹಿಕ್ಕೆ ನೋಡಿ. ಕಡ್ಡಿಯಿಂದ ಒತ್ತಿದರೆ ಹುಳಬಾವಲಿ ಹಿಕ್ಕೆ ಪುಡಿಪುಡಿ ಆಗುತ್ತದೆ. ಒಳಗೆ ಹುಳದ ರೆಕ್ಕೆಯ ಚೂರು ಮಿಣಮಿಣ ಹೊಳೆಯುತ್ತದೆ. ಇಲಿ ಹಿಕ್ಕೆ ಹಾಗೆ ಪುಡಿಯಾಗಲ್ಲ. ಹಲ್ಲಿಯದ್ದಕ್ಕೆ ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ.

ಕುರ್ಚಿ ಹಾಕಿ ಕೂರುವ ಕೆಲಸ

ಈ ಇಡೀ ಕೆಲಸದಲ್ಲಿ ಮುಕ್ಕಾಲು ಭಾಗ ಸುಮ್ನೆ ಕೂತು ನೋಡುವುದು. ಜನ ಇದನ್ನೇ ಬಿಟ್ಟು ನೇರ ಏಣಿ ಹತ್ತುತ್ತಾರೆ.

ಸೂರ್ಯ ಮುಳುಗುವ ಕಾಲು ಗಂಟೆ ಮೊದಲು ಮನೆಯ ಹೊರಗೆ ಕುರ್ಚಿ ಹಾಕಿ. ಮನೆಯ ಮಾಡು, ಅಂದರೆ ಛಾವಣಿ, ಆಕಾಶದ ಎದುರು ಕಾಣುವ ಹಾಗೆ ಕೂತರೆ ಒಳ್ಳೆಯದು. ಮನೆಗೆ ನಾಲ್ಕು ಮೂಲೆ ಇದೆ, ನಿಮಗೆ ಎರಡೇ ಕಣ್ಣು. ಆದ್ದರಿಂದ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸಿ. ಮಕ್ಕಳಷ್ಟು ಚೆನ್ನಾಗಿ ಈ ಕೆಲಸ ಯಾರೂ ಮಾಡಲ್ಲ. ಟಾರ್ಚ್ ಬೇಡ. ಬೆಳಕು ಬಿದ್ದರೆ ಹೊರಡುವುದನ್ನೇ ತಡಮಾಡುತ್ತವೆ. ಸುಮಾರು ಒಂದು ಗಂಟೆ ಕೂರಬೇಕು. ಮೊದಲು ಒಳಗಿನಿಂದ ಚಿಟಿಚಿಟಿ ಸದ್ದು ಬರುತ್ತದೆ. ಆಮೇಲೆ ಒಂದು ಉದುರುತ್ತದೆ. ಹಾರಲ್ಲ, ಉದುರುತ್ತದೆ. ಅಡಿಯೆರಡಡಿ ಕೆಳಗೆ ಬಿದ್ದು ಅಲ್ಲಿಂದ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಈ ಉದುರುವಿಕೆ ನೆನಪಿಡಿ, ಮುಂದೆ ಬಲೆ ಕಟ್ಟುವಾಗ ಬೇಕಾಗುತ್ತದೆ.

ಎಷ್ಟು ಹೊರಬಂದವು, ಎಲ್ಲಿಂದ ಬಂದವು ಅಂತ ಬರೆದುಕೊಳ್ಳಿ. ಕನಿಷ್ಠ ಎರಡು ಸಂಜೆ ಎಣಿಸಿ. ನಮ್ಮ ಮನೆಯಲ್ಲಿ ಮೊದಲ ದಿನ 31, ಎರಡನೇ ದಿನ 34. ನಾವು ಅಂದುಕೊಂಡಿದ್ದು ಏಳೆಂಟು! ದಾರಿ ಮಾತ್ರ ಎರಡೇ ಇತ್ತು. ಒಂದು ಮೂಲೆ ಹೆಂಚಿನ ಕೆಳಗೆ, ಇನ್ನೊಂದು ಗೋಡೆಯ ತಲೆಗೂ ತೊಲೆಗೂ ನಡುವೆ.

ಬೆಳಗಿನ ಜಾವವೂ ಒಂದು ದಿನ ಎದ್ದು ನೋಡಿ. ವಾಪಸ್ ಬರುವಾಗ ಒಳಹೊಕ್ಕುವ ಮುಂಚೆ ಆ ಸಂದಿಯ ಮುಂದೆ ಸುತ್ತು ಹೊಡೆಯುತ್ತವೆ. ಸಂಜೆ ತಪ್ಪಿದ ದಾರಿ ಆಗ ಸಿಗುತ್ತದೆ.

ಮರುದಿನ ಹಗಲಲ್ಲಿ ಆ ಜಾಗಗಳನ್ನು ಹತ್ತಿರದಿಂದ ನೋಡಿ. ದಿನಾ ಓಡಾಡುವ ಸಂದಿಯ ಅಂಚು ಎಣ್ಣೆ ಕೈ ಒರೆಸಿದ ಹಾಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೆಳಗಿನ ಗೋಡೆಗೆ ಹಿಕ್ಕೆ ಅಂಟಿರುತ್ತದೆ. ಚಿಕ್ಕ ಬಾವಲಿಗೆ ಅರ್ಧ ಇಂಚು ಸಂದಿ ಧಾರಾಳ ಸಾಕು. ನನ್ನ ಅಳತೆ ಕಿರುಬೆರಳು. ಬೆರಳ ತುದಿ ಒಳಗೆ ಹೋಯಿತೆಂದರೆ ಅದು ಬಾಗಿಲು ಅಂತ ಲೆಕ್ಕ. ಮಂಗಳೂರು ಹೆಂಚಿನ ಮನೆಯಲ್ಲಿ ಮೂಲೆ ಹೆಂಚು, ಒಡೆದ ಹೆಂಚು, ಗೋಡೆ ತಲೆ ನೋಡಿ. ಕೋಲಾರದ ಕಡೆಯ ಕಲ್ಲು ಚಪ್ಪಡಿ ಮನೆಯಾದರೆ ಎರಡು ಚಪ್ಪಡಿ ಕೂಡುವ ಕಡೆ ಗಾರೆ ಉದುರಿರುತ್ತದೆ, ಅಲ್ಲಿ. ಸಿಮೆಂಟ್ ಶೀಟಿನ ಶೆಡ್ಡಿನಲ್ಲಿ ಶೀಟಿನ ಅಲೆ ಗೋಡೆ ಮೇಲೆ ಕೂರುವ ಜಾಗ. ಆರ್‌ಸಿಸಿ ಮನೆಯಲ್ಲಿ ಏಸಿ ಪೈಪಿಗೆಂದು ಕೊರೆದ ತೂತು, ಮುರಿದ ವೆಂಟಿಲೇಟರ್.

ಯಾವಾಗ ಮಾಡಬೇಕು, ಯಾವಾಗ ಕೈ ಹಾಕಬಾರದು

ನಾನು ಎಡವಿದ್ದು ಇಲ್ಲೇ.

ಬಾವಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಕೆಲವು ಚಿಕ್ಕ ಜಾತಿಗಳು ಎರಡು. ಹುಳ ತಿನ್ನುವ ಬಾವಲಿ ಮರಿಯನ್ನು ಸಂದಿಯಲ್ಲೇ ಬಿಟ್ಟು ಬೇಟೆಗೆ ಹೋಗುತ್ತದೆ. ಮರಿಗೆ ಹಾರಲು ಬರುವಷ್ಟರಲ್ಲಿ ಐದಾರು ವಾರ ಬೇಕು. ಈ ನಡುವೆ ತಾಯಿಯನ್ನು ಹೊರಗಿಟ್ಟರೆ ಮರಿ ಒಳಗೇ ಸಾಯುತ್ತದೆ. ತಾಯಿ ಬೇರೆ ದಾರಿ ಹುಡುಕುತ್ತಾ ನಿಮ್ಮ ಮಲಗುವ ಕೋಣೆಗೇ ಬರಬಹುದು.

ದಕ್ಷಿಣದ ಬಾವಲಿಗಳೆಲ್ಲ ಒಂದೇ ತಿಂಗಳಲ್ಲಿ ಮರಿ ಹಾಕುವುದಿಲ್ಲ. ಆದರೂ ಜಾಸ್ತಿ ಮರಿ ಕಾಣುವುದು ಬೇಸಿಗೆ ಶುರುವಿನಿಂದ ಮಳೆಗಾಲ ಮುಗಿಯುವವರೆಗೆ. ಹಾಗಾಗಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಸಂದಿಗೆ ಕೈ ಹಾಕಬೇಡಿ. ದೀಪಾವಳಿ ಕಳೆದು ಹಿಂಗಾರು ಮಳೆ ನಿಂತ ಮೇಲಿನಿಂದ ಸಂಕ್ರಾಂತಿಯವರೆಗೆ ನಮಗೆ ಒಳ್ಳೆಯ ಕಾಲ.

ಕ್ಯಾಲೆಂಡರ್ ಒಂದನ್ನೇ ನಂಬಬೇಡಿ. ಕೆಲವು ಚಿಕ್ಕ ಜಾತಿಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುತ್ತವೆ. ಪರೀಕ್ಷೆ ಸುಲಭ. ದೊಡ್ಡವು ಹೊರಟ ಮೇಲೆ, ರಾತ್ರಿ ಎಂಟರ ಸುಮಾರಿಗೆ, ಅಟ್ಟಕ್ಕೆ ಹತ್ತಿ ಸದ್ದು ಮಾಡದೆ ನಿಲ್ಲಿ. ಖಾಲಿಯಾಗಿರಬೇಕಾದ ಸಂದಿಯಿಂದ ಸಣ್ಣಗೆ ಚೀಂಚೀಂ ಕೇಳಿದರೆ ಮರಿ ಇದೆ. ಸದ್ದಿಲ್ಲದಿದ್ದರೂ ಟಾರ್ಚ್ ಒಮ್ಮೆ ಹಾಕಿ ನೋಡಿ. ಮರಿ ಕಂಡರೆ ಇಳಿದು ಬನ್ನಿ. ಆರೇಳು ವಾರ ಬಿಟ್ಟು ಮತ್ತೆ ನೋಡೋಣ.

ಅಷ್ಟು ದಿನ ಹಿಕ್ಕೆ ಸಹಿಸಿಕೊಳ್ಳಬೇಕಲ್ಲ ಅಂತೀರಾ? ಕೆಳಗೆ ಒಂದು ಟಾರ್ಪಾಲು ಹಾಸಿ. ನಮ್ಮ ತಿಪಟೂರಿನ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲೇ ಬಿಡುತ್ತೇವೆ. ಕಾಯಿ ರಾಶಿ ಮೇಲೆ ಹಿಕ್ಕೆ ಬೀಳದ ಹಾಗೆ, ಬಾವಲಿ ಇರುವ ಮೂಲೆಯ ಕೆಳಗೆ ಮಾತ್ರ ನಾಲ್ಕು ಹಗ್ಗಕ್ಕೆ ಹಳೇ ಪಂಚೆ ಕಟ್ಟಿದ್ದೆ, ತೊಟ್ಟಿಲ ಥರ. ವಾರಕ್ಕೊಮ್ಮೆ ಬಿಚ್ಚಿ ನೀರಲ್ಲಿ ನೆನೆಸಿ ತೊಳೆದರೆ ಆಯಿತು. ಕಾಯಿ ರಾಶಿಗೆ ಇಡೀ ಟಾರ್ಪಾಲು ಮುಚ್ಚಬೇಡಿ, ಗಾಳಿ ಆಡದೆ ಬೂಷ್ಟು ಹಿಡಿಯುತ್ತದೆ.

ಸಾಮಾನು

ದುಬಾರಿಯದ್ದೇನೂ ಬೇಡ. ಗಟ್ಟಿ ಏಣಿ, ಅದನ್ನು ಹಿಡಿಯಲು ಇನ್ನೊಬ್ಬರು, ದಪ್ಪ ಚರ್ಮದ ಕೈಗವಸು, ಎನ್95 ಮಾಸ್ಕ್, ಮರದ ತೆಳ್ಳನೆ ಪಟ್ಟಿ, ಸಣ್ಣ ಮೊಳೆ, ಕಾಲಿಂಚು ಕಣ್ಣಿನ ಜಿಐ ಜಾಲರಿ, ಸ್ವಲ್ಪ ಗಾರೆ. ಮುಖ್ಯವಾದದ್ದು ಬಲೆ.

ಬಲೆಗೆ ನಾನು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುತ್ತಿ ಸಾಕಾಗಿದ್ದಾಗ ದಾರಿ ತೋರಿಸಿದ್ದು ಶಿಡ್ಲಘಟ್ಟದ ನಮ್ಮ ಭಾವ. ‘ಏನಪ್ಪಾ, ರೇಷ್ಮೆ ಮನೆಯಲ್ಲಿ ಊಜಿ ನೊಣಕ್ಕೆ ಕಟ್ತೀವಲ್ಲ ಆ ಪರದೆ ಆಗಲ್ವಾ?’ ಅಂದರು. ಆಯಿತು, ಚೆನ್ನಾಗಿಯೇ ಆಯಿತು. ಕಣ್ಣು ಸಣ್ಣ, ಹಗುರ, ಗಾಳಿಗೆ ಹರಿಯಲ್ಲ. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ರೇಷ್ಮೆ ಸಾಮಾನು ಮಾರುವ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ರೇಷ್ಮೆ ಬೆಳೆಯುವವರ ಮನೆಯಲ್ಲಿ ಹಳೇ ತುಂಡು ಕೇಳಿದರೆ ಪುಕ್ಕಟೆ. ಕಾಲಿಂಚಿಗಿಂತ ದೊಡ್ಡ ಕಣ್ಣಿನ ಬಲೆ ಬೇಡ. ಮೀನಿನ ಬಲೆ, ದ್ರಾಕ್ಷಿ ತೋಟಕ್ಕೆ ಹಾಕುವ ಸಡಿಲ ನೈಲಾನ್ ಬಲೆ ಬೇಡವೇ ಬೇಡ. ರೆಕ್ಕೆ ಸಿಕ್ಕಿಕೊಂಡು ನೇತಾಡಿ ಸಾಯುತ್ತವೆ.

ಒಮ್ಮುಖ ಬಾಗಿಲು ಕಟ್ಟುವುದು

ಮೊದಲು, ಬಾವಲಿ ಬಳಸದ ಬೇರೆ ಸಂದಿಗಳನ್ನೆಲ್ಲ ಮುಚ್ಚಿ. ಎಣಿಸುವಾಗ ಒಂದೂ ಹೊರಬರದ, ಕಂದು ಕಲೆ ಇಲ್ಲದ ಸಂದಿಗಳು ಇವು. ಈ ಕೆಲಸ ಮಾಡದೆ ಬಲೆ ಕಟ್ಟಿದರೆ ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಮುಖ್ಯ ದಾರಿ ಒಂದೋ ಎರಡೋ ಉಳಿಯಲಿ.

ಈಗ ಆ ಮುಖ್ಯ ಸಂದಿಯ ಮೇಲೆ ಬಲೆಯನ್ನು ಪರದೆ ಥರ ಇಳಿಬಿಡಬೇಕು. ಅಗಲ ಸಂದಿಗಿಂತ ಎರಡೂ ಕಡೆ ಒಂದೊಂದು ಅಡಿ ಜಾಸ್ತಿ. ಉದ್ದ ಸಂದಿಯಿಂದ ಕೆಳಕ್ಕೆ ಎರಡಡಿ. ಮೇಲಿನ ಅಂಚು, ಎರಡು ಪಕ್ಕದ ಅಂಚು ಮೂರನ್ನೂ ಮರದ ಪಟ್ಟಿ ಇಟ್ಟು ಮೊಳೆ ಹೊಡೆದು ಗೋಡೆಗೆ ಭದ್ರ ಮಾಡಿ. ಕೆಳಗಿನ ಅಂಚು ತೆರೆದೇ ಇರಬೇಕು. ಬಲೆ ಗೋಡೆಗೆ ಅಂಟಿಕೊಳ್ಳದೆ ಮೂರು ನಾಲ್ಕು ಇಂಚು ಉಬ್ಬಿ ನಿಲ್ಲಲಿ, ಸಂದಿಯಿಂದ ಹೊರಬಂದ ಬಾವಲಿಗೆ ಜಾಗ ಬೇಕಲ್ಲ. ಅದಕ್ಕೆ ಪಟ್ಟಿಯ ಹಿಂದೆ ಮರದ ಚೂರು ಕೊಟ್ಟರೆ ಸಾಕು.

ಇದು ಕೆಲಸ ಮಾಡುವ ರೀತಿ ನೋಡಿದರೆ ನಗು ಬರುತ್ತದೆ. ಬಾವಲಿ ಹೊರಡುವಾಗ ಸಂದಿಯಿಂದ ಇಳಿದು, ಬಲೆಗೂ ಗೋಡೆಗೂ ನಡುವೆ ತೆವಳಿ, ತೆರೆದ ಕೆಳತುದಿಯಿಂದ ಉದುರಿ ಹಾರಿಹೋಗುತ್ತದೆ. ವಾಪಸ್ ಬರುವಾಗ ಹಳೇ ಅಭ್ಯಾಸದಂತೆ ನೇರ ಸಂದಿಯ ಮುಂದಕ್ಕೆ ಬರುತ್ತದೆ. ವಾಸನೆ ಅಲ್ಲೇ ಇದೆ, ಮನೆ ಅಲ್ಲೇ ಇದೆ, ಬಲೆ ಅಡ್ಡ. ಎರಡಡಿ ಕೆಳಗೆ ಹೋಗಿ ಅಲ್ಲಿಂದ ಮೇಲೆ ಹತ್ತಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಬಲೆಯ ಮೇಲೆ ಒಂದಿಷ್ಟು ಹೊತ್ತು ತಡಕಾಡಿ ಬೇರೆ ಕಡೆ ಹೋಗುತ್ತದೆ.

ಮೊದಲ ಸಂಜೆ ನೀವು ಅಲ್ಲಿ ಇರಲೇಬೇಕು. ಬಲೆಯಲ್ಲಿ ಯಾವುದಾದರೂ ಸಿಕ್ಕಿಕೊಂಡಿದೆಯಾ, ಕೆಳಗೆ ಬರಲು ಒದ್ದಾಡುತ್ತಿದೆಯಾ ನೋಡಿ. ನಾನು ಮೊದಲ ಸಲ ಬಲೆಯನ್ನು ತೀರಾ ಬಿಗಿಯಾಗಿ ಎಳೆದಿದ್ದೆ. ಎರಡು ಬಾವಲಿ ಒಳಗೇ ಹಿಂದೆ ಮುಂದೆ ಹರಿದಾಡುತ್ತಿದ್ದವು. ಪಕ್ಕದ ಎರಡು ಮೊಳೆ ಸಡಿಲ ಮಾಡಿದ ಕೂಡಲೇ ಜಾರಿ ಹೊರಬಿದ್ದವು.

ಗೋಡೆಯಲ್ಲಿ ದುಂಡನೆ ತೂತಿದ್ದರೆ ಪಿವಿಸಿ ಪೈಪ್ ಸುಲಭ. ಎರಡಿಂಚಿನ ಪೈಪ್, ಹತ್ತು ಇಂಚು ಉದ್ದ ಸಾಕು. ಹೊರಗಿನ ಬಾಯಿ ಕೆಳಕ್ಕೆ ವಾಲುವಂತೆ ಕೂರಿಸಿ ಸುತ್ತ ಬಟ್ಟೆ ತುರುಕಿ. ಒಳಗಿನ ನುಣುಪು ಮೈಗೆ ವಾಪಸ್ ಹತ್ತಲು ಹಿಡಿತ ಸಿಗಲ್ಲ. ಹೊರತುದಿಗೆ ತೆಳ್ಳನೆ ಪ್ಲಾಸ್ಟಿಕ್ ಕೊಳವೆ ಥರ ಸುತ್ತಿ ಇಳಿಬಿಟ್ಟರೆ ಇನ್ನೂ ಭದ್ರ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಬಲೆ ಕನಿಷ್ಠ ಏಳು ರಾತ್ರಿ ಇರಲಿ. ಡಿಸೆಂಬರ್‌ನ ಚಳಿ ಜಾಸ್ತಿ ಇರುವ ರಾತ್ರಿ ಕೆಲವು ಹೊರಗೇ ಬರುವುದಿಲ್ಲ. ಮಳೆ ಬಂದ ದಿನವೂ ಅಷ್ಟೇ. ಅಂಥ ರಾತ್ರಿಗಳನ್ನು ಲೆಕ್ಕದಿಂದ ಬಿಡಿ. ಕೊನೆಯ ಎರಡು ಸಂಜೆ ಮತ್ತೆ ಕುರ್ಚಿ ಹಾಕಿ ಎಣಿಸಿ. ಎರಡೂ ದಿನ ಸೊನ್ನೆ ಬಂದರೆ ಮಾತ್ರ ಮುಂದಕ್ಕೆ. ನಮ್ಮಲ್ಲಿ ಆರನೇ ದಿನವೂ ಒಂದು ಬರುತ್ತಿತ್ತು. ಅದೊಂದಕ್ಕಾಗಿ ಇನ್ನೂ ನಾಲ್ಕು ದಿನ ಕಾದೆವು. ಕೊನೆಗೆ ಅಮ್ಮನಿಗೆ ಅದರ ಮೇಲೆ ಒಂದು ಥರ ಅಭಿಮಾನವೇ ಬಂದಿತ್ತು.

ಮುಚ್ಚುವುದು

ಬಲೆ ಬಿಚ್ಚಿದ ದಿನವೇ ಸಂದಿ ಮುಚ್ಚಿ. ನಾಳೆ ನೋಡೋಣ ಅಂದರೆ ಅವೂ ನಾಳೆ ಬಂದು ನೋಡುತ್ತವೆ. ಮುಚ್ಚುವ ಮುಂಚೆ ಒಳಗಿನಿಂದ ಟಾರ್ಚ್ ಹಾಕಿ ಕೊನೆಯ ಸಲ ನೋಡಿಕೊಳ್ಳಿ.

ಕಲ್ಲು, ಇಟ್ಟಿಗೆ ಸಂದಿಗೆ ಗಾರೆ. ಒಡೆದ ಹೆಂಚು ಬದಲಾಯಿಸಿ. ಗಾಳಿ ಬೇಕಾದ ಕಡೆ ಗಾರೆ ಮೆತ್ತಬೇಡಿ, ಕಾಲಿಂಚಿನ ಜಾಲರಿ ಹಾಕಿ. ಕೊಬ್ಬರಿ ಅಟ್ಟ, ರೇಷ್ಮೆ ಹುಳು ಮನೆ, ಈರುಳ್ಳಿ ಕೋಣೆ ಎಲ್ಲ ಹೀಗೆ. ಮೇ ತಿಂಗಳಲ್ಲಿ ನಾನು ಮಾಡಿದ ಎರಡನೇ ತಪ್ಪು ಇದೇ. ಸಿಮೆಂಟ್ ಮೆತ್ತಿದ ಆ ವಾರದಲ್ಲಿ ಅಟ್ಟ ಬೇಯುತ್ತಿತ್ತು. ಜಾಲರಿಯ ಕತ್ತರಿಸಿದ ತುದಿಗಳನ್ನು ಒಳಕ್ಕೆ ಮಡಚಿ, ಇಲ್ಲದಿದ್ದರೆ ಮುಂದೆ ಹೆಂಚು ಸರಿಮಾಡುವವರ ಕೈ ಹರಿಯುತ್ತದೆ. ಫೋಮ್ ಸ್ಪ್ರೇ ಒಂದನ್ನೇ ನಂಬಬೇಡಿ, ಇಲಿ ಎರಡು ವಾರದಲ್ಲಿ ಕಡಿದು ದಾರಿ ಮಾಡಿಕೊಡುತ್ತದೆ. ಶೀಟಿನ ಅಲೆಗೆ ಜಾಲರಿಯನ್ನು ಉಂಡೆ ಮಾಡಿ ತುರುಕಿ ಮೇಲೆ ಗಾರೆ ಹಚ್ಚಿದರೆ ನಿಲ್ಲುತ್ತದೆ.

ಹಿಕ್ಕೆ ತೆಗೆಯುವುದು

ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಅದರಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಹಿಸ್ಟೊಪ್ಲಾಸ್ಮೋಸಿಸ್ ಅನ್ನುವ ಕಾಯಿಲೆ ಬರಬಹುದು. ಆಸ್ತಮಾ ಇರುವವರು, ವಯಸ್ಸಾದವರು, ಗರ್ಭಿಣಿಯರು ಈ ಕೆಲಸಕ್ಕೆ ಬೇಡ.

ಮಾಸ್ಕ್, ಕೈಗವಸು ಹಾಕಿ. ಅಟ್ಟದ ಕಿಟಕಿ ತೆರೆಯಿರಿ, ಫ್ಯಾನ್ ಹಾಕಬೇಡಿ. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಹತ್ತು ಪಾಲು ನೀರು ಸೇರಿಸಿ ಹಿಕ್ಕೆ ಮೇಲೆ ಸಣ್ಣಗೆ ಸಿಂಪಡಿಸಿ, ಕಾಲು ಗಂಟೆ ನೆನೆಯಲಿ. ಆಮೇಲೆ ಸಲಿಕೆಯಿಂದ ಕೆರೆದು ಚೀಲಕ್ಕೆ ತುಂಬಿ. ಗೊಬ್ಬರಕ್ಕೆ ಬೇಕಿದ್ದರೆ ಬ್ಲೀಚಿಂಗ್ ಬದಲು ಬರೀ ನೀರು ಸಿಂಪಡಿಸಿ ತೆಗೆದು, ತಿಪ್ಪೆಯ ಒಳಗೆ ಹೂತು ಕೊಳೆಯಲು ಬಿಡಿ. ಹಿಪ್ಪುನೇರಳೆ ತೋಟಕ್ಕೆ ನಮ್ಮ ಭಾವ ಎರಡು ಚೀಲ ಒಯ್ದರು.

ಪೋರ್ಟಿಕೊದ ಪುಂಡರು

ಈಗ ಹಣ್ಣಿನ ಬಾವಲಿ. ಊರೊಳಗಿನ ಮನೆಗಳಲ್ಲಿ ಜಾಸ್ತಿ ಕೇಳಿಬರುವ ದೂರು ಇದು. ಹೊಸ ಮನೆ, ಬಿಳಿ ಬಣ್ಣ, ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಮೇಲೆಲ್ಲ ರಂಗೋಲಿ. ಕಾರಿನ ಮೇಲೆ ಜಗಿದು ಉಗಿದ ಹಣ್ಣಿನ ಸಿಪ್ಪೆಯ ಉಂಡೆಗಳು.

ಇದು ಮರದಿಂದ ಹಣ್ಣು ಕಿತ್ತು, ಅಲ್ಲೇ ತಿನ್ನದೆ, ಗೂಬೆ ಕಾಟ ಇಲ್ಲದ ಜಾಗಕ್ಕೆ ತಂದು ನೆಮ್ಮದಿಯಾಗಿ ತಿನ್ನುತ್ತದೆ. ನಿಮ್ಮ ಪೋರ್ಟಿಕೊ ಅದಕ್ಕೆ ದರ್ಶಿನಿ. ಇಲ್ಲಿ ಒಮ್ಮುಖ ಬಲೆಯ ಪ್ರಶ್ನೆಯೇ ಇಲ್ಲ.

ಮೊದಲು ಹಣ್ಣು ಎಲ್ಲಿಯದ್ದು ಅಂತ ನೋಡಿ. ಕೆಳಗೆ ಬಿದ್ದ ಸಿಪ್ಪೆ ಹೇಳುತ್ತದೆ. ಪೇಟೆಯಲ್ಲಿ ಬಹುತೇಕ ಗಸಗಸೆ ಹಣ್ಣಿನ ಮರ ಅಥವಾ ಬಾದಾಮಿ ಮರ. ಹಳ್ಳಿಯಲ್ಲಿ ಸಪೋಟ, ಸೀಬೆ. ಶ್ರೀನಿವಾಸಪುರದ ಕಡೆಯಾದರೆ ಸುಗ್ಗಿಯಲ್ಲಿ ಮಾವು. ಮನೆಗೆ ತಾಗಿದ ಕೊಂಬೆ ಸವರಿ. ಸಪೋಟ, ಸೀಬೆಯನ್ನು ಬಲಿತ ಕೂಡಲೇ ಕಿತ್ತು ಮನೆಯಲ್ಲಿ ಹಣ್ಣು ಮಾಡಿ, ಇಲ್ಲವೇ ಗೊಂಚಲಿಗೆ ಬಟ್ಟೆ ಚೀಲ ಕಟ್ಟಿ. ಮರವನ್ನೇ ಕಡಿಯಬೇಡಿ, ಗಸಗಸೆ ಮರಕ್ಕೆ ಹಗಲಿಡೀ ಬರುವ ಹಕ್ಕಿಗಳ ಗತಿ ಏನು?

ಆಮೇಲೆ ನೇತಾಡುವ ಜಾಗ ನೋಡಿ. ಬಾವಲಿಗೆ ಉಗುರು ಸಿಕ್ಕಿಸಲು ಹಿಡಿತ ಬೇಕು. ಫ್ಯಾನಿನ ಕೊಕ್ಕೆ, ಒರಟು ಗಾರೆ, ಪಿಒಪಿ ಅಂಚಿನ ಗೆರೆ ಅದಕ್ಕೆ ಇಷ್ಟ. ಕೊಕ್ಕೆಗೆ ಪ್ಲಾಸ್ಟಿಕ್ ಬಾಟಲಿಯ ತುಂಡು ಮುಚ್ಚಿ. ಒರಟು ಜಾಗಕ್ಕೆ ನುಣ್ಣಗೆ ಪುಟ್ಟಿ ಹಾಕಿ ಎನಾಮಲ್ ಬಣ್ಣ ಬಳಿಯಿರಿ. ನನ್ನ ಗೆಳೆಯರೊಬ್ಬರು ತುಮಕೂರಿನಲ್ಲಿ ಇಷ್ಟೇ ಮಾಡಿದರು. ಬಾವಲಿ ಬಂದು ಜಾರಿ, ಮತ್ತೆ ಬಂದು ಜಾರಿ, ನಾಲ್ಕನೇ ದಿನ ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆಯವರು ಈಗ ಅವರ ಜೊತೆ ಮಾತಾಡುವುದಿಲ್ಲ!

ದೀಪ ಹಾಕಿಟ್ಟರೆ ಕೆಲವು ದಿನ ಬರುವುದಿಲ್ಲ, ಆಮೇಲೆ ಕೆಲವಕ್ಕೆ ರೂಢಿಯಾಗುತ್ತದೆ. ಆ ಮೂಲೆಗೆ ಗಾಳಿ ಬೀಸುವ ಟೇಬಲ್ ಫ್ಯಾನ್ ದೀಪಕ್ಕಿಂತ ವಾಸಿ. ಏನೂ ಆಗದಿದ್ದರೆ ಪೋರ್ಟಿಕೊ ಬಾಯಿಗೆ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ. ಬಲೆ ತಬಲದ ಥರ ಬಿಗಿ ಇರಲಿ, ಸಡಿಲವಿದ್ದರೆ ಉರುಲಾಗುತ್ತದೆ.

ಹೊಗೆ, ನುಸಿಗುಳಿಗೆ, ಪಟಾಕಿ

ಮೆಣಸಿನಕಾಯಿ ಹೊಗೆ ಹಾಕಿದರೆ ಮೊದಲು ಓಡುವವರು ಮನೆಯವರು. ನುಸಿಗುಳಿಗೆ ಅಟ್ಟದಲ್ಲಿ ಸುರಿದರೆ ಅದರ ಆವಿ ಕೆಳಗೆ ಮಲಗುವ ಮಕ್ಕಳಿಗೆ ಕೆಟ್ಟದ್ದು. ಕೊಬ್ಬರಿಗೂ ವಾಸನೆ ಹತ್ತುತ್ತದೆ. ಪಟಾಕಿ ಹೊಡೆದರೆ ದಿಕ್ಕುಗೆಟ್ಟು ಒಳಗೊಳಗೇ ಸೇರುತ್ತವೆ. ಅಲ್ಟ್ರಾಸೋನಿಕ್ ಅಂತ ಮಾರುವ ಡಬ್ಬಿಗೆ ನಾನೂ ದುಡ್ಡು ಕೊಟ್ಟೆ. ಅದರ ಪಕ್ಕದಲ್ಲೇ ಒಂದು ಬಾವಲಿ ನೇತಾಡಿಕೊಂಡು ಮುಖ ತೊಳೆಯುತ್ತಿತ್ತು. ಅಂಟು ಹಾಳೆ, ವಿಷ ಇವು ಕ್ರೂರ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣಿನ ಬಾವಲಿಗಳು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಬಾವಲಿ ಹೊಡೆದರೆ ಕೇಳುವವರಿಲ್ಲ ಅನ್ನುವ ಕಾಲ ಹೋಯಿತು.

ಪಾಳು ಗುಡಿ, ಗುಹೆ, ಬಂಡೆ ಸಂದಿಯ ಬಾವಲಿಗಳಿಗೆ ಈ ಮೇಲಿನ ಯಾವ ಪ್ರಯೋಗವೂ ಬೇಡ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಎಲೆಮೂಗಿನ ಒಂದು ಬಾವಲಿ ಇದೆ. 1994ರಲ್ಲಿ ಅದನ್ನು ಹೊಸ ಜಾತಿ ಅಂತ ಗುರುತಿಸಿದರು. ಈಗ ಅದು ಉಳಿದಿರುವುದು ಅಲ್ಲಿ ಮಾತ್ರ, ಎಣಿಸಿದಾಗ ಇನ್ನೂರೂ ಇರಲಿಲ್ಲ. ಅದಕ್ಕೆ ದೊಡ್ಡ ಕಂಟಕ ಕಲ್ಲು ಗಣಿಗಾರಿಕೆ. ಅಂಥ ಜಾಗದಲ್ಲಿ ಏನಾದರೂ ತೊಂದರೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ.

ಕೋಣೆಯೊಳಗೆ ಒಂದು ನುಗ್ಗಿದರೆ

ಮೊದಲು ಫ್ಯಾನ್ ಆಫ್ ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ. ಒಳಬಾಗಿಲು ಹಾಕಿ, ಹೊರಗಿನ ಕಿಟಕಿ ಬಾಗಿಲು ಪೂರ್ತಿ ತೆರೆದು, ದೀಪ ಆರಿಸಿ ಹೊರಬನ್ನಿ. ಟವೆಲ್ ಬೀಸಿ ಅಟ್ಟಾಡಿಸಬೇಡಿ. ತಲೆಗೂದಲಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವುದು ಅಜ್ಜಿ ಕಾಲದ ಹೆದರಿಕೆ. ನೆಲಕ್ಕೆ ಬಿದ್ದಿದ್ದರೆ ಮೇಲೆ ಡಬ್ಬಿ ಬೋರಲು ಹಾಕಿ, ಕೆಳಗೆ ರಟ್ಟು ಸರಿಸಿ, ಹೊರಗೆ ಮರದ ಒರಟು ಕಾಂಡಕ್ಕೆ ಎದೆ ಎತ್ತರದಲ್ಲಿ ಹತ್ತಿಸಿಬಿಡಿ. ನೆಲದಿಂದ ಹಾರಲು ಅದಕ್ಕೆ ಕಷ್ಟ. ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ರೇಬಿಸ್ ಲಸಿಕೆ ಬೇಕಾ ಬೇಡ್ವಾ ಅಂತ ಅವರು ಹೇಳುತ್ತಾರೆ.

2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಬಂದಾಗ ನಮ್ಮೂರಲ್ಲೂ ಬಾವಲಿ ಮರ ಕಡಿಯುವ ಮಾತೆದ್ದಿತ್ತು. ನಿಪಾ ವೈರಸ್ ಇರುವುದು ಮುಖ್ಯವಾಗಿ ದೊಡ್ಡ ತೊಗಲುಬಾವಲಿಯಲ್ಲಿ. ಕಚ್ಚಿದ ಗುರುತಿರುವ ಹಣ್ಣನ್ನು ತಿನ್ನದೆ ಎಸೆಯಿರಿ, ಉಳಿದದ್ದನ್ನು ತೊಳೆದು ತಿನ್ನಿ. ಮರ ಕಡಿದರೆ ಬಾವಲಿ ಇನ್ನೊಂದು ಮರಕ್ಕೆ ಹೋಗುತ್ತದೆ, ಅಷ್ಟೇ.

ಹೊರಗೆ ಹೋದವು ಎಲ್ಲಿಗೆ?

ಬಾವಲಿ ಪೆಟ್ಟಿಗೆ ಮಾಡಿ ಮರಕ್ಕೆ ಕಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮಾಡಿದೆ. ಒರಟು ಹಲಗೆ, ಮುಕ್ಕಾಲು ಇಂಚಿನ ಸಂದಿ, ಹದಿಮೂರು ಅಡಿ ಎತ್ತರ, ಒಳಗೆ ಬಣ್ಣ ಇಲ್ಲ. ಎರಡು ವರ್ಷವಾದರೂ ಅದರಲ್ಲಿ ಇರುವುದು ಒಂದು ಹಲ್ಲಿ ಸಂಸಾರ. ನಮ್ಮ ಕಡೆಗೆ ಇದಕ್ಕಿಂತ ಸುಲಭದ್ದು ತೆಂಗಿನ ಮರದಲ್ಲೇ ಇದೆ. ಹಳದಿ ಹೊಟ್ಟೆಯ ಮನೆ ಬಾವಲಿಗೆ ಜೋತುಬಿದ್ದ ಒಣಗರಿಯ ಮಡಿಕೆ ಇಷ್ಟ. ಮನೆಯಿಂದ ದೂರದ ಎರಡು ಮರದಲ್ಲಿ ಒಣಗರಿ ಕೀಳಿಸದೆ ಹಾಗೇ ಬಿಟ್ಟೆ. ಸಂಜೆ ಅಲ್ಲಿಂದಲೂ ಒಂದೆರಡು ಉದುರುವುದನ್ನು ನೋಡಿದ್ದೇನೆ. ನಮ್ಮ ಅಟ್ಟದವೇನಾ ಅಂತ ಕೇಳಿದರೆ ಗೊತ್ತಿಲ್ಲ. ‘ಬಾವಲಿ ಮನೆಗೆ ಬಾವಲಿ ನೆಂಟಸ್ತಿಕೆಗೆ ಹೋದರೆ ನೀನೂ ನೇತಾಡು, ನಾನೂ ನೇತಾಡ್ತೀನಿ ಅಂತಂತೆ’ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಗರಿಯಲ್ಲಿ ಹಾಗೇ ಇದ್ದಾವೇನೋ.

ಪ್ರತಿ ವರ್ಷ ದೀಪಾವಳಿ ಆದ ಮೇಲೆ ಒಮ್ಮೆ ಮಾಡನ್ನು ಸುತ್ತು ಹಾಕಿ ನೋಡಿ. ಗಾರೆ ಬಿರುಕು ಬಿಟ್ಟಿರುತ್ತದೆ, ಜಾಲರಿ ತುಕ್ಕು ಹಿಡಿದಿರುತ್ತದೆ. ನಮ್ಮಲ್ಲಿ ಈ ಸಲ ಎರಡೂ ಸರಿಯಾಗಿತ್ತು. ಆದರೆ ಕೋತಿಗಳು ಬಂದು ಮೂಲೆ ಹೆಂಚು ಎರಡನ್ನು ಸರಿಸಿ ಹೋಗಿವೆ. ಮೊನ್ನೆ ಸಂಜೆ ಅಲ್ಲಿಂದ ಒಂದು ಉದುರಿದ ಹಾಗಾಯಿತು ಅಂತ ಅಮ್ಮ ಅಂದರು. ಕುರ್ಚಿ ಮತ್ತೆ ಅಂಗಳಕ್ಕೆ ಬಂದಿದೆ.